ಗೋಡೆ ಮುಚ್ಚುವ ಮುನ್ನ ಕೊಳವೆ ನೋಡಿ

ಗೃಹಪ್ರವೇಶ ಮುಗಿದು ವರ್ಷ ತುಂಬಿರುವುದಿಲ್ಲ. ಬಚ್ಚಲುಮನೆಯ ಪಕ್ಕದ ಕೋಣೆಯ ಗೋಡೆಯಲ್ಲಿ ಅಂಗೈಯಗಲದ ಒಂದು ಕಲೆ ಕಾಣಿಸಿಕೊಳ್ಳುತ್ತದೆ. ಹೊಸ ಗೋಡೆ, ಇನ್ನೂ ತೇವ ಆರಿಲ್ಲ ಎಂದು ಮನೆಯವರು ಸುಮ್ಮನಾಗುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಬಣ್ಣ ಉಬ್ಬಿ ಹಕ್ಕಳೆಯಾಗಿ ಉದುರತೊಡಗುತ್ತದೆ. ಪ್ಲಂಬರ್ ಬಂದು ನೋಡಿ, ‘ಒಳಗೆಲ್ಲೋ ಜಾಯಿಂಟ್ ಬಿಟ್ಟಿದೆ ಸಾರ್, ಟೈಲ್ಸ್ ಒಡೆಯಲೇಬೇಕು’ ಎನ್ನುತ್ತಾರೆ. ಕೆಲವೇ ರೂಪಾಯಿ ಬೆಲೆಯ ಒಂದು ಎಲ್ಬೋ ಸರಿಪಡಿಸಲು ಸಾವಿರಾರು ರೂಪಾಯಿಯ ಟೈಲ್ಸು, ಗಾರೆ, ಬಣ್ಣ ಎಲ್ಲವೂ ಹಾಳು. ಸಾಲದ ಕಂತು ಕಟ್ಟುತ್ತಿರುವ ಸಂಸಾರಕ್ಕೆ ಇದು ಸಣ್ಣ ಪೆಟ್ಟಲ್ಲ.

ಬಾಗಿಲು, ಕಿಟಕಿ, ನೆಲ ಕಣ್ಣಿಗೆ ಕಾಣುತ್ತವೆ. ನೀರಿನ ಕೊಳವೆ ಹಾಗಲ್ಲ. ಒಮ್ಮೆ ಗಾರೆ ಬಿದ್ದರೆ ಅದು ಮತ್ತೆ ಕಾಣುವುದು ಕೆಟ್ಟಾಗ ಮಾತ್ರ. ಕೊಳವೆ ಕೂರಿಸಿದ ದಿನಕ್ಕೂ ಗಾರೆ ಮೆತ್ತುವ ದಿನಕ್ಕೂ ನಡುವೆ ಸಿಗುವ ನಾಲ್ಕಾರು ದಿನಗಳೇ ಅದರ ಪರೀಕ್ಷೆಯ ಕಾಲ. ಈ ಪರೀಕ್ಷೆಗೆ ಇಂಜಿನಿಯರಿಂಗ್ ಪದವಿ ಬೇಕಿಲ್ಲ. ಹೈಸ್ಕೂಲಿನ ವಿಜ್ಞಾನದ ಪಾಠಗಳು ನೆನಪಿದ್ದರೆ ಸಾಕು. ಅಪ್ಪ ಅಮ್ಮನ ಜೊತೆ ಮಕ್ಕಳೂ ನಿಂತು ಮಾಡಬಹುದಾದ ಕೆಲಸವಿದು.

ಕೊಳವೆಯ ಜಾತಕ

ಹಿಂದೆ ಮನೆಗಳಿಗೆ ಹಾಕುತ್ತಿದ್ದ ಸತು ಲೇಪಿತ ಕಬ್ಬಿಣದ ಕೊಳವೆಗಳು ಕಾಲಕ್ರಮೇಣ ತುಕ್ಕು ಹಿಡಿಯುತ್ತಿದ್ದವು. ಪ್ಲಾಸ್ಟಿಕ್ಕಿಗೆ ತುಕ್ಕಿನ ಭಯವಿಲ್ಲ. ಆದರೆ ಎಲ್ಲ ಪ್ಲಾಸ್ಟಿಕ್ಕೂ ಒಂದೇ ಅಲ್ಲ. ತಣ್ಣೀರಿಗೆ ಬಳಸುವುದು ಯುಪಿವಿಸಿ. ಇದರ ಮೂಲವಾದ ಪಿವಿಸಿಯ ತೂಕದಲ್ಲಿ ಕ್ಲೋರಿನ್ ಪಾಲು ಸುಮಾರು ಶೇ 57. ಇನ್ನಷ್ಟು ಕ್ಲೋರಿನ್ ಸೇರಿಸಿದರೆ ಸಿಪಿವಿಸಿ ಆಗುತ್ತದೆ. ಅದು ಬಿಸಿಯನ್ನು ಹೆಚ್ಚು ತಾಳುತ್ತದೆ. ಬೆಂಗಳೂರು, ಮೈಸೂರುಗಳ ತಾರಸಿಗಳ ಮೇಲೆ ಸೌರ ಜಲತಾಪಕಗಳು ಸಾಮಾನ್ಯವಾಗಿವೆ. ಅವುಗಳಿಂದ ಇಳಿಯುವ ಬಿಸಿನೀರಿಗೆ ಯುಪಿವಿಸಿ ಹಾಕಿದರೆ ಅದು ಮೆತ್ತಗಾಗಿ ಜೋಲುತ್ತದೆ, ಒತ್ತಡ ತಾಳುವ ಶಕ್ತಿ ಕಳೆದುಕೊಳ್ಳುತ್ತದೆ.

ಕೊಳವೆಯ ಮೈಮೇಲೆ ಮುದ್ರಿಸಿದ್ದನ್ನು ಓದಿ. ಕುಡಿಯುವ ನೀರಿನ ಯುಪಿವಿಸಿ ಕೊಳವೆಗೆ ಭಾರತೀಯ ಮಾನಕ ಐಎಸ್ 4985. ಬಿಸಿನೀರಿನ ಸಿಪಿವಿಸಿಗೆ ಐಎಸ್ 15778. ಕೊಳಚೆ ನೀರಿನ ಕೊಳವೆಗೆ ಐಎಸ್ 13592. ಐಎಸ್‌ಐ ಮುದ್ರೆಯ ಜೊತೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ‘ಬಿಐಎಸ್ ಕೇರ್’ ಎಂಬ ಮೊಬೈಲ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಪರವಾನಗಿ ನಿಜವೋ ಸುಳ್ಳೋ ತಿಳಿಯುತ್ತದೆ. ಮುದ್ರೆಯೇ ಇಲ್ಲದ ಕೊಳವೆ ಅಗ್ಗಕ್ಕೆ ಸಿಕ್ಕಿತೆಂದು ಗೋಡೆಯೊಳಗೆ ಹೂಳುವುದು ಜಾಣತನವಲ್ಲ.

ಅಂಟಲ್ಲ, ಬೆಸುಗೆ

ಒಳ್ಳೆಯ ಕೊಳವೆಯೂ ಕೈಕೊಡುವುದು ಹೆಚ್ಚಾಗಿ ಜೋಡಣೆಯಲ್ಲಿ. ಪ್ಲಂಬರ್ ಬಳಿಯುವ ಸಾಲ್ವೆಂಟ್ ಸಿಮೆಂಟನ್ನು ಅನೇಕರು ಗೋಂದಿನಂಥ ಅಂಟು ಎಂದುಕೊಳ್ಳುತ್ತಾರೆ. ಅದು ಮಾಡುವ ಕೆಲಸವೇ ಬೇರೆ. ಅದರಲ್ಲಿರುವ ದ್ರಾವಕ ಪ್ಲಾಸ್ಟಿಕ್ಕಿನ ಮೇಲ್ಮೈಯನ್ನು ತುಸು ಕರಗಿಸುತ್ತದೆ. ಕರಗಿದ ಎರಡು ಮೈಗಳು ಒಂದರೊಳಗೊಂದು ಬೆರೆಯುತ್ತವೆ. ದ್ರಾವಕ ಆವಿಯಾದ ಮೇಲೆ ಎರಡೂ ಒಂದೇ ತುಂಡಿನಂತೆ ಬೆಸೆದುಕೊಳ್ಳುತ್ತವೆ. ನಡುವೆ ಧೂಳು, ಎಣ್ಣೆ ಅಥವಾ ನೀರಿದ್ದರೆ ಈ ಬೆಸುಗೆ ಕೂಡುವುದಿಲ್ಲ.

ಆದ್ದರಿಂದ ಕೆಲಸ ನಡೆಯುವಾಗ ನಾಲ್ಕು ಸಂಗತಿ ಗಮನಿಸಿ. ಕೊಳವೆಯನ್ನು ಓರೆಯಾಗದಂತೆ ನೇರವಾಗಿ ಕತ್ತರಿಸಿದ್ದಾರೆಯೇ? ತುದಿಯ ಸಿಬಿರು ತೆಗೆದು ಒರೆಸಿದ್ದಾರೆಯೇ? ಸಿಮೆಂಟ್ ಬಳಿದು ಒಳಗೆ ತಳ್ಳುವಾಗ ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷವಾದರೂ ಒತ್ತಿ ಹಿಡಿದಿದ್ದಾರೆಯೇ? ಜೋಡಣೆಯ ಬಾಯಿಯ ಸುತ್ತ ಸಿಮೆಂಟಿನ ಸಣ್ಣ ಅಂಚು ಎಲ್ಲೂ ತುಂಡಾಗದೆ ಕಾಣುತ್ತದೆಯೇ? ಸಿಪಿವಿಸಿಗೆ ಸಿಪಿವಿಸಿಯದೇ ಸಿಮೆಂಟ್ ಬೇಕು. ಡಬ್ಬಿಯಲ್ಲಿ ಗಟ್ಟಿಯಾಗಿ ಮುದ್ದೆಗಟ್ಟಿದ್ದನ್ನು ಬಳಸಕೂಡದು. ನಲ್ಲಿ ಕೂರುವ ಕಡೆ ಹಿತ್ತಾಳೆಯ ಥ್ರೆಡ್ ಇರುವ ಜೋಡಣೆ ಹಾಕಿಸುವುದು ಒಳ್ಳೆಯದು. ಬರೀ ಪ್ಲಾಸ್ಟಿಕ್ ಥ್ರೆಡ್ ಅತಿಯಾಗಿ ಬಿಗಿದರೆ ಸೀಳುತ್ತದೆ.

ಹಿಗ್ಗಲು ಜಾಗ ಬೇಕು

ಪ್ಲಾಸ್ಟಿಕ್ ಕಬ್ಬಿಣಕ್ಕಿಂತ ಸುಮಾರು ಐದು ಪಟ್ಟು ಹೆಚ್ಚು ಹಿಗ್ಗುತ್ತದೆ. ಒಂದು ಮೀಟರ್ ಸಿಪಿವಿಸಿ ಕೊಳವೆ ಒಂದು ಡಿಗ್ರಿ ಬಿಸಿಯಾದರೆ ಸುಮಾರು 0.06 ಮಿ.ಮೀ. ಉದ್ದವಾಗುತ್ತದೆ. ತಾರಸಿಯ ಮೇಲೆ 10 ಮೀಟರ್ ಕೊಳವೆ ಇದೆ, ಅದರ ಉಷ್ಣತೆ 25 ಡಿಗ್ರಿಯಿಂದ 60 ಡಿಗ್ರಿಗೆ ಏರಿತು ಎಂದಿಟ್ಟುಕೊಳ್ಳಿ. 10 × 35 × 0.06 ಗುಣಿಸಿದರೆ 21 ಮಿ.ಮೀ. ಎಂದರೆ ಎರಡು ಸೆಂಟಿಮೀಟರಿಗೂ ಮಿಕ್ಕು! ಹಿಗ್ಗಲು ಜಾಗವಿಲ್ಲದಿದ್ದರೆ ಕೊಳವೆ ಬಿಲ್ಲಿನಂತೆ ಬಾಗಿ ತಿರುವಿನ ಜೋಡಣೆಗಳನ್ನು ದಿನವೂ ಎಳೆದಾಡುತ್ತದೆ. ಕ್ಲ್ಯಾಂಪುಗಳು ಕೊಳವೆಯನ್ನು ಹಿಡಿದಿರಬೇಕು, ಹಿಂಡಬಾರದು. ಉದ್ದದ ಓಟದ ನಡುವೆ ಒಂದು ತಿರುವೋ ಸುತ್ತೋ ಇರಬೇಕು. ಬಿಸಿಲಿನ ನೇರಳಾತೀತ ಕಿರಣಗಳು ಪ್ಲಾಸ್ಟಿಕ್ಕನ್ನು ಪೆಡಸಾಗಿಸುತ್ತವೆ. ಆದ್ದರಿಂದ ತಾರಸಿಯ ಕೊಳವೆಗೆ ಹೊದಿಕೆ ಅಥವಾ ನೀರಿನಲ್ಲಿ ಕಲಸುವ ಬಣ್ಣ ಹಚ್ಚಿಸಬೇಕು.

ಮುಳ್ಳು ಹೇಳುವ ಸತ್ಯ

ಮುಖ್ಯ ಪರೀಕ್ಷೆ ಒತ್ತಡದ್ದು. 10 ಮೀಟರ್ ಎತ್ತರದ ನೀರು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ ಕೊಡುತ್ತದೆ. ಪ್ರೆಷರ್ ಪಂಪ್ ಇದ್ದರೆ ಒತ್ತಡ ಇನ್ನೂ ಹೆಚ್ಚು. ಸಿಮೆಂಟ್ ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಒಣಗಲು ಬಿಟ್ಟು, ನಲ್ಲಿಯ ಬಾಯಿಗಳಿಗೆಲ್ಲ ಬಿರಡೆ ಹಾಕಿ, ಗಾಳಿಯೆಲ್ಲ ಹೊರಹೋಗುವಂತೆ ನೀರು ತುಂಬಿಸಬೇಕು. ಆಮೇಲೆ ಕೈಪಂಪಿನಿಂದ ಮಾಮೂಲು ಒತ್ತಡದ ಒಂದೂವರೆ ಪಟ್ಟಾದರೂ ಏರಿಸಿ, ಮಾಪಕದ ಮುಳ್ಳು ಎಲ್ಲಿದೆ ಎಂದು ಬರೆದಿಡಬೇಕು. ಪ್ಲಾಸ್ಟಿಕ್ ತುಸು ಹಿಗ್ಗುವುದರಿಂದ ಮೊದಲಿಗೆ ಮುಳ್ಳು ಕೊಂಚ ಇಳಿಯಬಹುದು. ಮತ್ತೆ ಏರಿಸಿ ಒಂದು ಗಂಟೆಯಾದರೂ ಕಾಯಿರಿ. ಮುಳ್ಳು ಇಳಿಯುತ್ತಲೇ ಇದ್ದರೆ ಎಲ್ಲೋ ಸೋರಿಕೆಯಿದೆ. ಒಂದೊಂದೇ ಜೋಡಣೆಯನ್ನು ಒಣ ಕಾಗದದಿಂದ ಒರೆಸಿ ಹುಡುಕಿ.

ನೀರಿನ ಬದಲು ಗಾಳಿ ತುಂಬಿ ನೋಡಬಹುದಲ್ಲ ಎಂದು ಕೆಲವರು ಕೇಳುವುದುಂಟು. ಖಂಡಿತ ಕೂಡದು. ನೀರು ಒತ್ತಿದರೂ ಬಹುತೇಕ ಕುಗ್ಗುವುದಿಲ್ಲ, ಆದ್ದರಿಂದ ಕೆಲವೇ ಹನಿ ಸೋರಿದರೂ ಮುಳ್ಳು ಇಳಿಯುತ್ತದೆ. ಗಾಳಿಯಾದರೋ ಕುಗ್ಗಿ, ಬಲೂನಿನಲ್ಲಿದ್ದಂತೆ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ. ಕೊಳವೆ ಬಿರಿದರೆ ಚೂರುಗಳು ಸಿಡಿದು ಕಣ್ಣಿಗೇ ಅಪಾಯ.

ಕೊಳಚೆ ಕೊಳವೆಗೆ ಬೇಕಾದದ್ದು ಇಳಿಜಾರು. ನಾಲ್ಕು ಇಂಚಿನ ಅಡ್ಡ ಕೊಳವೆ ಮೀಟರಿಗೆ ಸುಮಾರು ಎರಡೂವರೆ ಸೆಂ.ಮೀ. ಇಳಿದಿದ್ದರೆ ಚೆನ್ನ. ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ, ನೀರು ತುಂಬಿದ ಪಾರದರ್ಶಕ ಟ್ಯೂಬಿನಿಂದಲೇ ಇದನ್ನು ಅಳೆಯಬಹುದು.

ಕಟ್ಟಿದ ಮನೆ ಕೊಳ್ಳುವಾಗ

ಗೋಡೆ ಆಗಲೇ ಮುಚ್ಚಿದ್ದರೂ ದಾರಿಯುಂಟು. ರಾತ್ರಿ ಟ್ಯಾಂಕಿಗೆ ನೀರು ಬರುವ ವಾಲ್ವು ಮುಚ್ಚಿ, ನಲ್ಲಿಗಳನ್ನೆಲ್ಲ ನಿಲ್ಲಿಸಿ, ಟ್ಯಾಂಕಿನಲ್ಲಿ ನೀರಿನ ಮಟ್ಟ ಗುರುತು ಮಾಡಿ. ಎಂಟು ಗಂಟೆ ಬಿಟ್ಟು ಬೆಳಿಗ್ಗೆ ನೋಡಿ. ಒಂದು ಮೀಟರ್ ವ್ಯಾಸದ ಟ್ಯಾಂಕಿನಲ್ಲಿ ಒಂದೇ ಒಂದು ಸೆಂ.ಮೀ. ಇಳಿದಿದ್ದರೂ ಸುಮಾರು 8 ಲೀಟರ್ ಹೋಯಿತೆಂದು ಅರ್ಥ. ದಿನಕ್ಕೆ 24 ಲೀಟರ್. ವರ್ಷಕ್ಕೆ ಎಂಟು ಸಾವಿರ ಲೀಟರಿಗೂ ಹೆಚ್ಚು! ಇನ್ನೊಂದು ಪರೀಕ್ಷೆ ಬಕೆಟ್ಟಿನದು. ಒಂದು ನಲ್ಲಿಯಲ್ಲಿ 10 ಲೀಟರ್ ಬಕೆಟ್ ತುಂಬಲು ಹಿಡಿಯುವ ಸಮಯ ನೋಡಿ. ಅಡುಗೆಮನೆಯ ನಲ್ಲಿಯನ್ನೂ ತಿರುಗಿಸಿ ಮತ್ತೆ ನೋಡಿ. ಸಮಯ ದುಪ್ಪಟ್ಟಾದರೆ ಕೊಳವೆ ಕಿರಿದಾಗಿದೆ, ಇಲ್ಲವೇ ಒಳಗೆ ಏನೋ ಸಿಕ್ಕಿಕೊಂಡಿದೆ.

ಪ್ಲಂಬರನ್ನು ಕಳ್ಳನೆಂದು ಅನುಮಾನಿಸಲು ಹೇಳುವ ಮಾತುಗಳಲ್ಲ ಇವು. ಒಳ್ಳೆಯ ಕೆಲಸಗಾರನಿಗೆ ಪರೀಕ್ಷೆಯ ಭಯವಿರುವುದಿಲ್ಲ. ತನ್ನ ಕೆಲಸ ನೋಡಿ ಮೆಚ್ಚುವವರು ಸಿಕ್ಕರೆಂದು ಅವನಿಗೂ ಹಿಗ್ಗು. ಕೊನೆಯದಾಗಿ, ಗಾರೆ ಮೆತ್ತುವ ಮುನ್ನ ಪ್ರತಿ ಗೋಡೆಯ ಕೊಳವೆಗೂ ಅಳತೆಯ ಟೇಪು ಹಿಡಿದು ಫೋಟೊ ತೆಗೆಯಿರಿ. ಮನೆಯ ಹುಡುಗನೋ ಹುಡುಗಿಯೋ ನೋಟ್‌ಬುಕ್ಕಿನಲ್ಲಿ ನಕ್ಷೆ ಬರೆದು, ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಎಂದು ಗುರುತಿಸಿಡಲಿ. ಹತ್ತು ವರ್ಷದ ನಂತರ ಗಡಿಯಾರ ತೂಗುಹಾಕಲು ಮೊಳೆ ಹೊಡೆಯುವ ದಿನ ಬಂದರೆ, ಮನೆಪತ್ರಗಳ ಜೊತೆ ಜೋಪಾನವಾಗಿಟ್ಟ ಆ ಪುಟವೇ ಗೋಡೆಯನ್ನು ಕಾಯುತ್ತದೆ.