ಬೇರಿಲ್ಲದ ಗಿಡವೂ ಕಾಫಿಯ ಬೇರೂ

ಕೊಡಗಿನಲ್ಲಿ ಕಕ್ಕಡದ ಮಳೆ ಹಿಡಿದೊಡನೆ ತೋಡಿನ ದಂಡೆಗಳಲ್ಲಿಯೂ ಬರೆಯ ಮಣ್ಣಿನಲ್ಲಿಯೂ ಹಸುರು ತೊಗಲಿನಂತೆ ಹರಡುವ ಸಣ್ಣ ಸಸ್ಯವನ್ನು ಎಲ್ಲರೂ ಕಂಡಿರುತ್ತಾರೆ. ಜನರು ಇದನ್ನು ಪಾಚಿಯೆಂದೇ ಕರೆಯುವರು. ಸಸ್ಯಶಾಸ್ತ್ರಜ್ಞರು ಲಿವರ್‌ವರ್ಟ್ ಎನ್ನುವರು. ಇದಕ್ಕೆ ಹೂವಿಲ್ಲ, ಬೀಜವಿಲ್ಲ, ನಿಜವಾದ ಬೇರೂ ಇಲ್ಲ. ಹೀಗಿದ್ದೂ ಇದು ಬದುಕುವ ಬಗೆಯನ್ನು ತೋಟಗಾರರು ಅವಶ್ಯವಾಗಿ ತಿಳಿಯತಕ್ಕದ್ದು.

ಇವುಗಳ ಅನೇಕ ಜಾತಿಗಳ ಒಡಲಿನಲ್ಲಿ ಸೂಕ್ಷ್ಮವಾದ ಶಿಲೀಂಧ್ರವು ವಾಸಿಸುತ್ತದೆ. ಅದರ ಎಳೆಗಳು ಮಣ್ಣಿನಿಂದ ರಂಜಕವನ್ನು ತಂದುಕೊಡುತ್ತವೆ. ಸಸ್ಯವು ತಾನು ಬಿಸಿಲಿನಲ್ಲಿ ತಯಾರಿಸಿದ ಆಹಾರದಲ್ಲಿ ಅದಕ್ಕೆ ಪಾಲು ಕೊಡುತ್ತದೆ. ಸ್ಕಾಟ್ಲೆಂಡಿನ ರೈನಿ ಗ್ರಾಮದಲ್ಲಿ ದೊರೆತ, ಸುಮಾರು 40 ಕೋಟಿ ವರ್ಷಗಳ ಹಿಂದಿನ ಕಲ್ಲಾದ ಸಸ್ಯಗಳಿಗೂ ಬೇರಿರಲಿಲ್ಲ. ಆದರೆ ಅವುಗಳೊಳಗೆ ಇಂತಹ ಶಿಲೀಂಧ್ರವಿತ್ತು.

ಮುಂದೆ ಗಿಡಗಳಿಗೆ ಬೇರು ಬಂದ ಮೇಲೂ ಈ ಸಖ್ಯವು ಬಿಡಲಿಲ್ಲ. 1885ರಲ್ಲಿ ಜರ್ಮನಿಯ ಫ್ರಾಂಕ್ ಎಂಬ ವಿದ್ವಾಂಸನು ಬೇರು ಮತ್ತು ಶಿಲೀಂಧ್ರಗಳ ಕೂಟಕ್ಕೆ ಮೈಕೊರೈಜಾ ಎಂದು ಹೆಸರಿಟ್ಟನು. ಕಾಫಿ, ಕರಿಮೆಣಸು, ಏಲಕ್ಕಿ, ಕಿತ್ತಳೆ ಇವುಗಳ ಬೇರುಗಳಲ್ಲಿಯೂ ಇಂತಹ ಶಿಲೀಂಧ್ರಗಳುಂಟು. ಇಲ್ಲಿಯ ಹುಳಿಯಾದ ಕೆಂಪು ಮಣ್ಣಿನಲ್ಲಿ ರಂಜಕವು ಕಬ್ಬಿಣ ಮತ್ತು ಅಲ್ಯುಮಿನಿಯಮ್‌ಗಳ ಹಿಡಿತಕ್ಕೆ ಸಿಕ್ಕಿಬೀಳುವುದರಿಂದ ಅವುಗಳ ನೆರವು ಬಹು ಬೆಲೆಯುಳ್ಳದ್ದು.

2018ರ ಆಗಸ್ಟ್ ತಿಂಗಳಿನಲ್ಲಿ ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳಲ್ಲಿ ಗುಡ್ಡಗಳು ಕುಸಿದಾಗ ಅನೇಕ ತೋಟಗಳ ಮೇಲ್ಮಣ್ಣು ಕೊಚ್ಚಿಹೋಯಿತು. ಅದರೊಡನೆ ಕಣ್ಣಿಗೆ ಕಾಣದ ಈ ಸೇವಕನೂ ಹೋದನು. ಅಡಿಯ ಮಣ್ಣಿನಲ್ಲಿ ಅವನ ಸಂಖ್ಯೆ ಬಹಳ ಕಡಮೆ. ಅಂತಹ ನೆಲದಲ್ಲಿ ಗೊಬ್ಬರವೊಂದನ್ನೇ ನಂಬಿ ಸಸಿ ನೆಟ್ಟರೆ ಸಾಲದು.

ಆದುದರಿಂದ ಊರ ತಕ್ಕರೂ ತೋಟದ ಯಜಮಾನರೂ ಈ ಕೆಳಗಿನ ವಿಷಯಗಳನ್ನು ಗಮನಿಸುವುದು ಮೇಲು:

1. ರೋಗವಿಲ್ಲದ ಹಳೆಯ ತೋಟದಲ್ಲಿ ಗಿಡದ ಬುಡದ ಮೇಲ್ಮಣ್ಣನ್ನು ನವುರಾದ ಬೇರುಗಳ ಸಮೇತ ಸ್ವಲ್ಪ ತೆಗೆದು, ಸಸಿಮಡಿಯ ಮಣ್ಣಿಗೆ ಬೆರೆಸಬೇಕು. ಸೊರಗುರೋಗ ಅಥವಾ ಬೇರಿನ ಜಂತುಹುಳುವಿರುವ ತೋಟದ ಮಣ್ಣು ಕೂಡದು. ದೇವರಕಾಡಿನ ಮಣ್ಣನ್ನು ಮುಟ್ಟಬಾರದು.

2. ಕೊಂಡುತಂದ ಮೈಕೊರೈಜಾ ಪುಡಿಯನ್ನು ನೆಲದ ಮೇಲೆ ಚೆಲ್ಲದೆ, ನೆಡುವಾಗ ಬೇರಿಗೆ ತಾಗುವಂತೆ ಹಾಕಬೇಕು.

3. ಮಣ್ಣನ್ನು ಪರೀಕ್ಷೆ ಮಾಡಿಸಿಯೇ ರಂಜಕದ ಗೊಬ್ಬರವನ್ನು ಕೊಡಬೇಕು. ಅದು ಮಿತಿಮೀರಿದರೆ ಗಿಡವು ಶಿಲೀಂಧ್ರವನ್ನು ದೂರವಿಡುತ್ತದೆ.

4. ನೆಲವನ್ನು ಬೋಳಾಗಿಡಬಾರದು, ತರಗೆಲೆಯನ್ನು ಸುಡಬಾರದು. ಬದುಕಿರುವ ಬೇರಿಲ್ಲದ ನೆಲದಲ್ಲಿ ಈ ಶಿಲೀಂಧ್ರವು ಕ್ರಮೇಣ ಕ್ಷೀಣಿಸುತ್ತದೆ.

ಜರಿದ ಬರೆಯ ಮೇಲೆ ಮೊದಲು ಹಬ್ಬುವ ಹಸುರು ಹೊದಿಕೆಯನ್ನು ಹಾರೆಯಿಂದ ಕೆರೆದು ಹಾಕುವ ವಾಡಿಕೆಯನ್ನೂ ಬಿಡತಕ್ಕದ್ದು. ಮಣ್ಣು ಮತ್ತೆ ಕೂಡಿಕೊಳ್ಳುವ ಕೆಲಸವು ಅಲ್ಲಿಂದಲೇ ಆರಂಭವಾಗುತ್ತದೆ.