ಕರಣೆಯಲ್ಲಿ ಅರಳುವ ಐರಿಸ್

ಐರಿಸ್ ಹೂವಿಗೆ ಆರು ಎಸಳು. ಮೂರು ಮೇಲಕ್ಕೆದ್ದು ಗೋಪುರ ಕಟ್ಟುತ್ತವೆ, ಮೂರು ನಾಲಗೆ ಚಾಚಿದಂತೆ ಇಳಿಬೀಳುತ್ತವೆ. ಗಡ್ಡದ ಐರಿಸ್ ಆದರೆ ಇಳಿಬಿದ್ದ ಎಸಳಿನ ಮೇಲೆ ರೋಮದ ಸಾಲು, ಸಾಮಾನ್ಯವಾಗಿ ಹಳದಿ. ಅಂಚೆಲ್ಲ ಕರಿದ ಹಪ್ಪಳದಂತೆ ಅಲೆಅಲೆ. ಸಣ್ಣ ಕುಂಚ ಹಿಡಿದು ಕೂತರೆ ಅಲೆಗೊಂದು ಗೆರೆ ಎಳೆಯುವ ಆಸೆ ಹುಟ್ಟುತ್ತದೆ. ಹೂವು ಸಸ್ಯಶಾಸ್ತ್ರದ ಪುಸ್ತಕ ಸೇರುತ್ತದೆ. ಪ್ಯಾಲೆಟ್ ನೈಫ್ ಹಿಡಿದವರಿಗೆ ಆ ಅವಕಾಶವೇ ಇಲ್ಲ.

ಗಾರೆ ಕೆಲಸದವರ ಕರಣೆಯನ್ನು ಬೆರಳುದ್ದಕ್ಕೆ ಇಳಿಸಿದರೆ ಈ ನೈಫ್: ಬಾಗಿದ ಕತ್ತು, ಬಳುಕುವ ಉಕ್ಕಿನ ಅಲಗು. ಫ್ರಾನ್ಸಿನ ಚಿತ್ರಕಾರ ಗುಸ್ತಾವ್ ಕುರ್ಬೆ ಬಂಡೆಗಳನ್ನೂ ಕಡಲಲೆಗಳನ್ನೂ ಇದರಿಂದಲೇ ಮೆತ್ತಿದ. ಯುವಕ ಸೆಜಾನ್ 1866ರ ಸುಮಾರಿಗೆ ಸೋದರಮಾವನ ಮುಖವನ್ನೇ ಹೀಗೆ ಬಳಿದ. ಬಂಡೆಗೆ ಸರಿ, ಹೂವಿಗೆ?

ಹೂವಿಗೂ ಸರಿಯೇ. ಅಲ್ಟ್ರಾಮರೀನ್ ನೀಲಿಗೆ ಕ್ವಿನಾಕ್ರಿಡೋನ್ ಮಜೆಂತಾ ಸೇರಿಸಿ, ಅರೆಬರೆ ಕಲಸಿ. ಅಲಗಿನ ಅಂಚಿಗೆ ಆ ನೇರಳೆ ಹಿಡಿದು, ಪಕ್ಕಕ್ಕೆ ಚೂರು ಬಿಳಿ. ಈಗ ಒತ್ತಿ, ಎಳೆದು, ಎತ್ತಿ. ಒತ್ತಿದ ಕಡೆ ಬಣ್ಣ ತೆಳುವಾಗಿ ಹಾಸಿಕೊಳ್ಳುತ್ತದೆ. ಎತ್ತಿದ ಕಡೆ ಗದ್ದೆಯ ಬದುವಿನಂತೆ ಎದ್ದು ನಿಲ್ಲುತ್ತದೆ. ಅದೇ ಎಸಳಿನ ಅಂಚು. ಒಂದು ಎಳೆತಕ್ಕೆ ಒಂದು ಎಸಳು. ಎಲೆ ಹೇಗೂ ಕತ್ತಿಯಂಥದ್ದು. ಅಲಗಿನ ಅಂಚಿಗೆ ಹಸಿರು ತಾಗಿಸಿ ಊರಿದರೆ ಮುಗಿಯಿತು. ಗಡ್ಡದ ಹಳದಿ ಕೊನೆಗೆ, ಒಂದೇ ಸಲ. ಇನ್ನೊಂದು ಸಲ ಕೈಯಾಡಿಸಿದರೆ ನೇರಳೆಯೊಂದಿಗೆ ಕಲೆತು ಕೆಸರು. ತಪ್ಪಾದರೆ ತಿದ್ದಬೇಡಿ, ಕೆರೆದು ತೆಗೆಯಿರಿ.

ಅರಳಿದ ಹೂವು ಎರಡು ಮೂರು ದಿನಕ್ಕೆ ಮುದುಡುತ್ತದೆ. ಚಿತ್ರಕ್ಕೆ ಮಾತ್ರ ಯಾವ ಅವಸರವೂ ಇಲ್ಲ. ತೈಲವರ್ಣದಲ್ಲಿರುವ ಅಗಸೆ ಎಣ್ಣೆ ನೀರಿನಂತೆ ಆವಿಯಾಗುವುದಿಲ್ಲ. ಗಾಳಿಯ ಆಮ್ಲಜನಕದೊಂದಿಗೆ ಬೆರೆತು ಗಟ್ಟಿಯಾಗುತ್ತದೆ. ಮೇಲೆ ಕೆನೆ ಕಟ್ಟಿದರೂ ಒಳಗೆ ತಿಂಗಳುಗಟ್ಟಲೆ ಹಸಿ. ಅಷ್ಟು ದಪ್ಪ ಬಣ್ಣಕ್ಕೆ ಅಲುಗಾಡುವ ಕ್ಯಾನ್ವಾಸಿಗಿಂತ ಗಟ್ಟಿ ಹಲಗೆ ವಾಸಿ.

ಇನ್ನೊಂದು ಎಚ್ಚರಿಕೆ ವ್ಯಾನ್ ಗೋನಿಂದ. 1889ರ ಮೇ ತಿಂಗಳಲ್ಲಿ ಸೇಂಟ್ ರೆಮಿಯ ಮನೋರೋಗ ಚಿಕಿತ್ಸಾಲಯ ಸೇರಿದವನು ಅಲ್ಲಿನ ತೋಟದ ಐರಿಸ್‌ಗಳನ್ನು ಬರೆದ. ನೈಫ್ ಅಲ್ಲ, ಕುಂಚ; ಆದರೂ ಬಣ್ಣ ದಪ್ಪ. ನೀಲಿ ಹೂಗಳ ನಡುವೆ ಒಂದೇ ಒಂದು ಬಿಳಿ ಐರಿಸ್ ಇರುವ ಆ ಚಿತ್ರ ಈಗ ಲಾಸ್ ಏಂಜಲೀಸ್‌ನ ಗೆಟ್ಟಿ ಮ್ಯೂಸಿಯಂನಲ್ಲಿದೆ. ಅಲ್ಲಿನ ತಜ್ಞರು ಪರೀಕ್ಷಿಸಿ ನೋಡಿದರೆ, ಆ ನೀಲಿ ಮೊದಲು ನೀಲಿಯೇ ಆಗಿರಲಿಲ್ಲ, ನೇರಳೆ. ನೀಲಿಗೆ ಬೆರೆಸಿದ್ದ ಕೆಂಪು ಬೆಳಕಿಗೆ ಬಾಡಿಹೋಗಿದೆ. ಬಣ್ಣದ ಉಬ್ಬುತಗ್ಗು ಮಾತ್ರ ಕೈ ಎಳೆದ ಹಾಗೆಯೇ ಉಳಿದಿದೆ.

ಮೇಲೆ ಹೇಳಿದ ಮಜೆಂತಾ ಅದಕ್ಕೇ: ಕ್ವಿನಾಕ್ರಿಡೋನ್ ಬೆಳಕಿಗೆ ಬಾಳಿಕೆ ಬರುವ ಬಣ್ಣ. ನೈಫ್ ಎತ್ತಿಕೊಳ್ಳುವ ಮೊದಲು ಟ್ಯೂಬ್ ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿಕೊಳ್ಳಿ.