ವೀರಗಲ್ಲಿನ ಪಕ್ಕ ಒಂದು ಫಲಕ: ವಿನ್ಯಾಸ ಮಾಡುವುದು ಹೇಗೆ?

ದೇವಸ್ಥಾನದ ಅಂಗಳ, ಕೆರೆ ಏರಿ, ಹೊಲದ ಬದು: ಕರ್ನಾಟಕದಲ್ಲಿ ವೀರಗಲ್ಲುಗಳು ಎಲ್ಲೆಂದರಲ್ಲಿ ಸಿಗುತ್ತವೆ. ಅವುಗಳ ಪಕ್ಕ ಮಾಹಿತಿ ಫಲಕ ನಿಲ್ಲಿಸಲು, ಊರಿನ ಇತಿಹಾಸದ ಕಿರುಪುಸ್ತಕ ತರಲು ಹೊರಡುವ ಬಳಗಗಳು ನೆನಪಿಡಬೇಕಾದದ್ದು ಒಂದೇ. ಓದಿದವರು ಫಲಕದಿಂದ ಕಣ್ಣೆತ್ತಿ ಕಲ್ಲನ್ನು ನೋಡಬೇಕು. ವಿನ್ಯಾಸ ಇರುವುದೇ ಅದಕ್ಕಾಗಿ.

ಬರಹ

ಸುಮಾರು ಕ್ರಿ.ಶ. 890ರ ಬೇಗೂರು ಶಾಸನವನ್ನೇ ತೆಗೆದುಕೊಳ್ಳಿ. ಅದರಲ್ಲಿ ಬೆಂಗಳೂರಿನ ಹೆಸರಿದೆ, ಅಲ್ಲಿ ನಡೆದ ಕಾಳಗವಿದೆ, ಕಾಳಗದಲ್ಲಿ ಮಡಿದವನ ನೆನಪಿದೆ. ಫಲಕದ ಮೊದಲ ಸಾಲಿಗೆ ಸಲ್ಲುವುದು ಇದು. ರಾಜವಂಶ, ಲಿಪಿಯ ಲಕ್ಷಣಗಳು ಆಮೇಲೆ ಬರಲಿ. ಬಿಸಿಲಲ್ಲಿ ನಿಂತು ಓದುವವರಿಗೆ ನೂರು ಪದ ಸಾಕು. ಉಳಿದದ್ದನ್ನು ಕಿರುಪುಸ್ತಕಕ್ಕೆ ಬಿಡಿ.

ಚಿತ್ರ

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ತಿಳಿಯದವರು ಮೇಲಿನಿಂದ ನೋಡಿದರೆ ಕಥೆಯೇ ತಲೆಕೆಳಗು. ಒಂದು ರೇಖಾಚಿತ್ರ ಬರೆಸಿ, ಕೆಳಗಿನಿಂದ 1, 2, 3 ಎಂದು ಗುರುತು ಹಾಕಿದರೆ ಅರ್ಧ ವಿವರಣೆ ಮುಗಿದಂತೆ. ಸವೆದ ಕಲ್ಲಿನ ಫೋಟೋ ಬೇಕಿದ್ದರೆ ಬೆಳಕು ಓರೆಯಾಗಿ ಬೀಳುವ ಹೊತ್ತಿನಲ್ಲಿ ತೆಗೆಯಿರಿ. ಉಬ್ಬುತಗ್ಗು ಎದ್ದು ಕಾಣುತ್ತದೆ. ಅಕ್ಷರ ಕಾಣಲೆಂದು ಕಲ್ಲಿಗೆ ಎಣ್ಣೆ, ಸುಣ್ಣ, ಬಣ್ಣ ಬಳಿಯಲೇಬೇಡಿ.

ಅಕ್ಷರ

ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏಳುತ್ತದೆ. ಇಂಗ್ಲಿಷ್‌ಗೆ ಹೊಂದಿಸಿದ ಸಾಲಂತರದಲ್ಲಿ ಇವೆರಡೂ ಒಂದಕ್ಕೊಂದು ತಾಗುತ್ತವೆ. ಆದ್ದರಿಂದ ಸಾಲಂತರವನ್ನು ಅಕ್ಷರದ ಅಳತೆಯ ಸುಮಾರು ಒಂದೂವರೆ ಪಟ್ಟು ಇಡಿ. ಒಂದು ಮೀಟರ್ ದೂರದಿಂದ ಓದುವ ಫಲಕಕ್ಕೆ 24 ಪಾಯಿಂಟ್‌ಗಿಂತ ಚಿಕ್ಕ ಅಕ್ಷರ ಬೇಡ. ಹಳೆಯ ‘ನುಡಿ’ ತಂತ್ರಾಂಶದ ಕಡತವನ್ನು ಯೂನಿಕೋಡ್‌ಗೆ ಬದಲಿಸಿದ್ದರೆ ಅರ್ಕಾವತ್ತು, ಒತ್ತುಗಳನ್ನು ಒಂದೊಂದಾಗಿ ನೋಡಿ. ತಪ್ಪು ನುಸುಳುವುದು ಅಲ್ಲೇ. ಕೊನೆಗೆ ನಿಜ ಅಳತೆಯ ಕಾಗದದ ಪ್ರತಿಯನ್ನು ಅದೇ ಜಾಗದಲ್ಲಿ ಹಿಡಿದು, ಊರಿನ ಹಿರಿಯರೊಬ್ಬರಿಂದ, ಶಾಲೆಯ ಮಗುವೊಂದರಿಂದ ಓದಿಸಿ. ಅವರು ಎಡವಿದ ಕಡೆ ತಿದ್ದಿ.

ಜಾಗ

ಫಲಕ ಸೊಂಟದ ಎತ್ತರದಲ್ಲಿ, ಓದುವವರ ಕಡೆಗೆ ವಾಲಿರಲಿ. ಆಗ ಅದು ಕಲ್ಲಿಗೆ ಅಡ್ಡವಾಗದು, ಮಕ್ಕಳಿಗೂ ಗಾಲಿಕುರ್ಚಿಯಲ್ಲಿ ಬಂದವರಿಗೂ ಎಟುಕುತ್ತದೆ. ಬಿಸಿಲಿಗೆ ಕೆಂಪು, ಹಳದಿ ಶಾಯಿ ಬೇಗ ಮಾಸುತ್ತವೆ. ಮುಖ್ಯ ಬರಹ ತಿಳಿ ಹಿನ್ನೆಲೆಯ ಮೇಲೆ ಕಪ್ಪಿನಲ್ಲಿರಲಿ. ಸ್ಮಾರಕ ಸಂರಕ್ಷಿತವಾಗಿದ್ದರೆ ಸಂಬಂಧಪಟ್ಟ ಪುರಾತತ್ವ ಇಲಾಖೆಯ ಅನುಮತಿ ಮೊದಲು ಪಡೆಯಿರಿ.

ಕಿರುಪುಸ್ತಕ

ಫಲಕದ ಅಕ್ಷರಶೈಲಿ, ಬಣ್ಣ, ರೇಖಾಚಿತ್ರಗಳೇ ಪುಸ್ತಕದಲ್ಲೂ ಮುಂದುವರಿಯಲಿ. ಎರಡೂ ಒಂದೇ ಮನೆಯವೆಂದು ನೋಡಿದೊಡನೆ ತಿಳಿಯಬೇಕು. ನಡುವೆ ಪಿನ್ ಹೊಡೆಯುವ ಪುಸ್ತಕದ ಪುಟಸಂಖ್ಯೆ ನಾಲ್ಕರಿಂದ ಭಾಗವಾಗಬೇಕು. ಫೋಟೋಗಳು ಮುದ್ರಣದ ಅಳತೆಯಲ್ಲಿ 300 ಡಿಪಿಐ ಇರಲಿ. ಅಂಚಿನವರೆಗೆ ಬರುವ ಚಿತ್ರವನ್ನು ಸುತ್ತಲೂ 3 ಮಿ.ಮೀ. ಹೆಚ್ಚು ಚಾಚಿಸಿದರೆ ಕತ್ತರಿಸುವಾಗ ಬಿಳಿ ಗೆರೆ ಉಳಿಯುವುದಿಲ್ಲ.

ಶಾಸನಗಳ ಓದು, ಕಾಲನಿರ್ಣಯ ಬದಲಾಗುತ್ತಿರುತ್ತವೆ. ಹಾಗಾಗಿ ತಿದ್ದಲು ಬರುವ ಮೂಲ ಕಡತ ಮತ್ತು ಯೂನಿಕೋಡ್ ಪಠ್ಯದ ಒಂದೊಂದು ಪ್ರತಿ ಪಂಚಾಯಿತಿಯಲ್ಲೂ ಊರಿನ ಗ್ರಂಥಾಲಯದಲ್ಲೂ ಇರಲಿ. ಮುಂದೆ ಈ ಕೆಲಸ ಕೈಗೆತ್ತಿಕೊಳ್ಳುವವರು ಮೊದಲಿನಿಂದ ಶುರು ಮಾಡಬೇಕಾಗುವುದಿಲ್ಲ.